ಮನೆಕೆಲಸದವರ ಸಂಬಳ: ಕಟ್ಟಬೇಕಾದದ್ದೇನು, ಸಲ್ಲಬೇಕಾದದ್ದೇನು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ಕುಂಬ್ರದ ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಹತ್ತಿರದ ಮಹಿಳೆಯೊಬ್ಬರು ಬೆಳಿಗ್ಗೆ ಬಂದು ಸಂಜೆಯವರೆಗೆ ಅಡುಗೆ, ಪಾತ್ರೆ, ಬಟ್ಟೆ ನೋಡಿಕೊಳ್ಳುತ್ತಾರೆ. ಬಿಡುವಿದ್ದಾಗ ಅಡಿಕೆ ಸುಲಿಯಲೂ ಕೂರುತ್ತಾರೆ. ತಿಂಗಳಿಗೆ ₹12,000 ಕೊಡುತ್ತೇನೆ. ಅವರ ಮಗಳ ಮದುವೆಗೆಂದು ₹30,000 ನಗದು ಸಾಲವನ್ನೂ ಕೊಟ್ಟಿದ್ದೇನೆ. ನಾನು ಪಿ.ಎಫ್., ಟಿ.ಡಿ.ಎಸ್. ಎಂದು ಏನಾದರೂ ಕಟ್ಟಬೇಕೆ? ಈ ಸಂಬಳವನ್ನು ನನ್ನ ತೆರಿಗೆ ಲೆಕ್ಕದಲ್ಲಿ ಕಳೆಯಬಹುದೆ?
— ಓದುಗರು, ಕುಂಬ್ರ

ಉತ್ತರ: ಕಟ್ಟಬೇಕಾಗಿಲ್ಲ, ಕಳೆಯುವಂತೆಯೂ ಇಲ್ಲ. ನಿಮ್ಮ ಎರಡು ಪ್ರಶ್ನೆಗಳಿಗೆ ಇಷ್ಟೇ ಉತ್ತರ. ಆದರೆ ನಿಮ್ಮ ಹೊಣೆ ಇರುವುದು ನೀವು ಕೇಳದೆ ಬಿಟ್ಟ ಪ್ರಶ್ನೆಗಳಲ್ಲಿ. ಮನೆಕೆಲಸಕ್ಕೆ ಜನ ಇಟ್ಟುಕೊಂಡವರು ತೆರಿಗೆ ಇಲಾಖೆಗೆ ಒಪ್ಪಿಸಬೇಕಾದದ್ದು ಕಡಿಮೆ, ಕೆಲಸದವರಿಗೆ ಸಲ್ಲಿಸಬೇಕಾದದ್ದೇ ಹೆಚ್ಚು.

ತೆರಿಗೆಯ ಮಾತು ಮೊದಲು ಮುಗಿಸೋಣ. ಪಿ.ಎಫ್. ಕಾನೂನು ಅನ್ವಯಿಸುವುದು ಸಾಮಾನ್ಯವಾಗಿ 20 ಮಂದಿ ಇರುವ ಸಂಸ್ಥೆಗಳಿಗೆ, ಇ.ಎಸ್.ಐ. 10 ಮಂದಿ ಇರುವಲ್ಲಿಗೆ. ಒಂದು ಮನೆ ಈ ಎರಡರ ಲೆಕ್ಕಕ್ಕೂ ಬರುವುದಿಲ್ಲ. ಸಂಬಳ ಕೊಡುವ ಯಾರೇ ಆಗಲಿ ಟಿ.ಡಿ.ಎಸ್. ಹಿಡಿಯಬೇಕೆಂಬ ನಿಯಮ ಇರುವುದು ನಿಜ. ಆದರೆ ಪಡೆಯುವವರ ಆದಾಯ ತೆರಿಗೆಯ ಮಿತಿಗೆ ಬಂದಾಗ ಮಾತ್ರ ಆ ಮಾತು. ವರ್ಷಕ್ಕೆ ₹1,44,000 ಪಡೆಯುವವರಿಂದ ಹಿಡಿಯುವುದೇನೂ ಇಲ್ಲ. ಹೊಸ ಪದ್ಧತಿಯಲ್ಲಿ ₹4 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ. ವೃತ್ತಿ ತೆರಿಗೆಯೂ ಕರ್ನಾಟಕದಲ್ಲಿ ತಿಂಗಳಿಗೆ ₹25,000 ಸಂಬಳ ಇದ್ದವರಿಂದ ಶುರು.

ಮನೆಕೆಲಸದ ಸಂಬಳ ನಿಮ್ಮ ಸ್ವಂತ ಖರ್ಚು. ಅದನ್ನು ಯಾವ ಆದಾಯದಿಂದಲೂ ಕಳೆಯುವಂತಿಲ್ಲ. ನಮ್ಮ ಕಡೆ ಎಡವುವುದು ಅಡಿಕೆಯ ಲೆಕ್ಕದಲ್ಲಿ. ಅಡಿಕೆಯ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ತೋಟ ನಿಮ್ಮ ಹೆಸರಿನಲ್ಲಿದ್ದು, ಜೊತೆಗೆ ತೆರಿಗೆ ಬೀಳುವಷ್ಟು ಉದ್ಯೋಗದ ಸಂಬಳವೂ ಇದ್ದರೆ, ₹5,000 ಮೀರಿದ ನಿವ್ವಳ ಕೃಷಿ ಆದಾಯವನ್ನು ತೆರಿಗೆಯ ದರ ಗೊತ್ತುಮಾಡಲು ಸೇರಿಸಿ ನೋಡುತ್ತಾರೆ. ಆ ನಿವ್ವಳ ತೆಗೆಯುವಾಗ ಅಡಿಕೆ ಸುಲಿದ ಕೂಲಿ ತೋಟದ ಖರ್ಚಾಗಿ ನಿಲ್ಲುತ್ತದೆ, ಗಂಜಿ ಬೇಯಿಸಿದ ಸಂಬಳ ನಿಲ್ಲುವುದಿಲ್ಲ. ಹಾಗಾಗಿ ಎರಡನ್ನೂ ಒಂದೇ ₹12,000ದಲ್ಲಿ ಕಲಸಬೇಡಿ. ಮನೆಕೆಲಸಕ್ಕೆ ತಿಂಗಳ ಸಂಬಳ, ಸುಲಿದದ್ದಕ್ಕೆ ಊರಲ್ಲಿ ನಡೆಯುವಂತೆ ಕಿಲೋ ಲೆಕ್ಕದ ಕೂಲಿ ಬೇರೆ ಇರಲಿ. ಮನೆಕೆಲಸದವರೇ ಅಲ್ಲವೇ ಎಂದು ಅಡಿಕೆಯನ್ನು ಪುಕ್ಕಟೆ ಸುಲಿಸಿಕೊಳ್ಳುವುದು ನ್ಯಾಯವೂ ಅಲ್ಲ.

ಇನ್ನು ನೀವು ಕೇಳದ ಪ್ರಶ್ನೆ: ₹12,000 ಸಾಕೇ? ದೇಶದಲ್ಲೇ ಮೊದಲಾಗಿ ಮನೆಕೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿದ್ದು ಕರ್ನಾಟಕ, 2004ರಲ್ಲಿ. ಮುಂದೆ ಆ ದರಗಳು ಪರಿಷ್ಕರಣೆಯಾಗಿವೆ, ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆಯೂ ಸೇರುತ್ತದೆ. ದಿನವಿಡೀ ಇರುವವರ ಸಂಬಳ ಆ ದರಕ್ಕಿಂತ ಕೆಳಗಿರಬಾರದು. ಈ ವರ್ಷದ ದರ ಪುತ್ತೂರಿನ ಕಾರ್ಮಿಕ ನಿರೀಕ್ಷಕರಲ್ಲಿ ಸಿಗುತ್ತದೆ. ಒಮ್ಮೆ ಕೇಳಿ, ಕಡಿಮೆ ಇದ್ದರೆ ಮುಂದಿನ ತಿಂಗಳಿಂದಲೇ ಸರಿಪಡಿಸಿ. ‘ಊರಲ್ಲಿ ಎಲ್ಲರೂ ಇಷ್ಟೇ ಕೊಡುವುದು’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಸಾಲದ ವಿಷಯದಲ್ಲಿ ಎರಡು ಎಚ್ಚರ. ₹20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಬಾರದೆಂದು ಆದಾಯ ತೆರಿಗೆ ಕಾನೂನು ಹೇಳುತ್ತದೆ. ದಂಡ ಬೀಳುವುದು ಕೊಟ್ಟ ನಿಮಗಲ್ಲ, ಪಡೆದ ಅವರಿಗೆ. ಇನ್ನು ಮುಂದೆ ಇಂಥದ್ದೇನಿದ್ದರೂ ಅವರ ಬ್ಯಾಂಕ್ ಖಾತೆಗೆ ಹಾಕಿ. ಎರಡನೆಯದು ಇನ್ನೂ ಗಂಭೀರ. ಸಾಲ ತೀರುವವರೆಗೆ ಬೇರೆ ಕಡೆ ಹೋಗಕೂಡದು ಎಂದು ಕಟ್ಟಿಹಾಕಿದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ, ಮೂರು ವರ್ಷದವರೆಗೆ ಜೈಲು. ಅವರು ನಾಳೆಯೇ ಕೆಲಸ ಬಿಟ್ಟರೂ ನಿಮಗೆ ಉಳಿಯುವುದು ಹಣ ಕೇಳುವ ಹಕ್ಕು ಮಾತ್ರ, ಅವರನ್ನು ಹಿಡಿದಿಡುವ ಹಕ್ಕಲ್ಲ. ಕಂತು ಹಿಡಿಯುವುದಾದರೆ ಅವರ ಮನೆ ನಡೆಯುವಷ್ಟು ಬಿಟ್ಟು ಹಿಡಿಯಿರಿ.

ಅಂಗಳ ಪಾಚಿಗಟ್ಟುವ ಮಳೆಗಾಲದಲ್ಲಿ ಕಾಲು ಜಾರಿದರೆ ಯಾರು ನೋಡಿಕೊಳ್ಳುತ್ತಾರೆ? ಇ.ಎಸ್.ಐ. ಇಲ್ಲದ ಮೇಲೆ ಏರ್ಪಾಡು ನಾವೇ ಮಾಡಬೇಕು. ಬ್ಯಾಂಕಿನಲ್ಲಿ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ ₹20. ಅಪಘಾತದಲ್ಲಿ ಸತ್ತರೆ ₹2 ಲಕ್ಷ, 18ರಿಂದ 70 ವರ್ಷದವರು ಸೇರಬಹುದು. ಅದನ್ನು ನೀವೇ ಕಟ್ಟಿ. ಆದರೆ ಅದು ಆಸ್ಪತ್ರೆಯ ಬಿಲ್ಲು ಕೊಡುವುದಿಲ್ಲ. ಕೆಲಸದ ವೇಳೆ ಪೆಟ್ಟಾದರೆ ಚಿಕಿತ್ಸೆಯ ಖರ್ಚು ನಿಮ್ಮದು ಎಂದು ಮೊದಲೇ ಒಪ್ಪಿಕೊಂಡಿರಿ. ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲೂ ಮನೆಕೆಲಸದವರಿಗೆ ಸ್ಥಾನವಿದೆ. 16ರಿಂದ 59 ವಯಸ್ಸಿನವರಿಗೆ ಇ-ಶ್ರಮ್ ನೋಂದಣಿ ಉಂಟು. ಇಲ್ಲೊಂದು ಸ್ಥಳೀಯ ತೊಡಕು: ಪುತ್ತೂರು, ಸುಳ್ಯದ ಕಡೆ ಬೀಡಿ ಕಟ್ಟಿ ಪಿ.ಎಫ್. ಹೊಂದಿರುವ ಹೆಂಗಸರು ಬಹಳ. ಪಿ.ಎಫ್. ಸದಸ್ಯರಿಗೆ ಇ-ಶ್ರಮ್ ಇಲ್ಲ. ನಿಮ್ಮಲ್ಲಿ ಬರುವವರದು ಏನಿದೆ ಎಂದು ಕೇಳಿಕೊಂಡೇ ಅವರನ್ನು ಅರ್ಜಿಗೆ ಕಳುಹಿಸಿ. ಶ್ರಮಯೋಗಿ ಮಾನ್‌ಧನ್ ಪಿಂಚಣಿಗೆ ಸೇರುವ ವಯಸ್ಸು 18ರಿಂದ 40. ಮಗಳ ಮದುವೆ ಮಾಡಿದವರು ಅದನ್ನು ದಾಟಿರಲೂಬಹುದು.

ಈ ಕೆಳಗಿನ ಎರಡು ವಿಷಯಗಳಲ್ಲಿ ಮಾತ್ರ ಸಡಿಲಿಕೆ ಇಲ್ಲವೇ ಇಲ್ಲ. 14 ತುಂಬದ ಮಕ್ಕಳನ್ನು ಮನೆಕೆಲಸಕ್ಕೆ ಇಟ್ಟುಕೊಳ್ಳುವುದು 2006ರಿಂದಲೇ ನಿಷೇಧ. ಈಗ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ ₹20,000ದಿಂದ ₹50,000 ದಂಡ, ಅಥವಾ ಎರಡೂ. ‘ಶಾಲೆಗೂ ಕಳಿಸುತ್ತೇವೆ, ಮನೆಯಲ್ಲೂ ಇರಲಿ’ ಎಂಬ ಹಳೆಯ ಏರ್ಪಾಡು ಕೆಲಸಕ್ಕೆ ತಿರುಗಿದರೆ ಇದರಡಿಗೇ ಬರುತ್ತದೆ. ಮತ್ತೊಂದು, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಕಣ್ಣಿಗೆ ನಿಮ್ಮ ಮನೆಯೂ ಕೆಲಸದ ಸ್ಥಳ. ಮನೆಕೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೇಲ್ನೋಟಕ್ಕೆ ನಿಜವೆನಿಸಿದರೆ ಸಮಿತಿ ಅದನ್ನು ಏಳು ದಿನದೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಮನೆಗೆ ಬಂದುಹೋಗುವ ನೆಂಟರಿಗೂ ಇದು ತಿಳಿದಿರಲಿ.

ಕಾಗದಪತ್ರ ಬೇಕೇ ಎಂದರೆ, ಒಂದು ಪುಟ ಸಾಕು: ಕೆಲಸ ಯಾವುದು, ಸಮಯ ಎಷ್ಟು, ವಾರದ ರಜೆ ಯಾವಾಗ, ಸಂಬಳ ಎಷ್ಟು, ಅಡಿಕೆಗೆ ಕಿಲೋಗೆ ಎಷ್ಟು, ಸಾಲದ ಬಾಕಿ ಎಷ್ಟು. ಇಬ್ಬರ ಸಹಿ ಹಾಕಿ ಒಂದು ಪ್ರತಿ ಅವರಿಗೆ ಕೊಡಿ. ಓದಲು ಬಾರದಿದ್ದರೆ ತುಳುವಿನಲ್ಲೋ ಕನ್ನಡದಲ್ಲೋ ಓದಿ ಹೇಳಿ. ಸಂಬಳ ಬ್ಯಾಂಕಿಗೆ ಹೋಗಲಿ. ರಾಜ್ಯ ಸರ್ಕಾರ 2025ರಲ್ಲಿ ಪ್ರಕಟಿಸಿದ ಮನೆಕೆಲಸದವರ ಕರಡು ಮಸೂದೆಯಲ್ಲಿ ಲಿಖಿತ ಒಪ್ಪಂದ, ನೋಂದಣಿ, ಸಂಬಳದ ಶೇ. 5ರವರೆಗೆ ಮಾಲೀಕರಿಂದ ಕಲ್ಯಾಣ ಶುಲ್ಕದ ಪ್ರಸ್ತಾಪವಿತ್ತು. ಅದು ಜಾರಿಗೆ ಬಂದರೆ ನಿಮಗೆ ಹೊಸದಾಗುವುದು ಆ ನೋಂದಣಿ ಮತ್ತು ಶುಲ್ಕ ಮಾತ್ರ. ಲೆಕ್ಕ ಆಗಲೇ ಸರಿಯಾಗಿರುತ್ತದೆ.