ಅದೇ ಕಟಾ, ಬೇರೆ ನಿಲುವು

ಹೊನ್ನಾವರ, ಕುಮಟಾ, ಭಟ್ಕಳದ ಕಡೆ ಮಕ್ಕಳನ್ನು ಕರಾಟೆಗೆ ಸೇರಿಸಿದ ತಂದೆ ತಾಯಿಯರಿಗೆ, ಈಗಷ್ಟೇ ಬಿಳಿ ಬೆಲ್ಟು ಕಟ್ಟಿಕೊಂಡ ದೊಡ್ಡವರಿಗೆ ಈ ಬರಹ. ನಿಮಗೆ ಏನೂ ಗೊತ್ತಿರಬೇಕಿಲ್ಲ, ಕುತೂಹಲವೊಂದಿದ್ದರೆ ಸಾಕು.

ಎದುರಾಳಿ ಮುಂದಿದ್ದಾನೆಂದು ಭಾವಿಸಿ, ಒಬ್ಬರೇ, ಗೊತ್ತುಪಡಿಸಿದ ಕ್ರಮದಲ್ಲಿ ಮಾಡುವ ತಡೆ, ಹೊಡೆತ, ಒದೆತಗಳ ಸರಣಿಗೆ ಕಟಾ ಎನ್ನುತ್ತಾರೆ. ಯಾವ ಕಡೆ ತಿರುಗಬೇಕು, ಯಾವ ಕಾಲು ಮುಂದಿಡಬೇಕು, ಎಲ್ಲವೂ ಮೊದಲೇ ನಿಗದಿ. ಆದರೂ ಇನ್ನೊಂದು ತರಗತಿಗೆ ಹೋದರೆ ಅದೇ ಕಟಾ ಬೇರೆಯಾಗಿ ಕಾಣುತ್ತದೆ. ಗಾಬರಿಯಾಗಬೇಡಿ. ಗುಣವಂತೆಯ ಕೆರೆಮನೆ ಮೇಳದ ಆಟ ನೋಡಿ ಬೆಳೆದವರು ತೆಂಕಿನ ಆಟಕ್ಕೆ ಹೋದಾಗ ಪ್ರಸಂಗ ಅದೇ ಇದ್ದರೂ ವೇಷ, ಕುಣಿತ, ಚಂಡೆಯ ಪೆಟ್ಟು ಬೇರೆಯಾಗಿರುತ್ತವಲ್ಲ, ಇದೂ ಹಾಗೆಯೇ. ಯಕ್ಷಗಾನದಲ್ಲಿ ತಿಟ್ಟು ಎನ್ನುವುದನ್ನು ಕರಾಟೆಯಲ್ಲಿ ಶೈಲಿ ಎನ್ನುತ್ತೇವೆ.

ಒಂದು ಕಟಾವನ್ನೇ ಹಿಡಿದು ನೋಡೋಣ. ಓಕಿನಾವಾ ದ್ವೀಪದ ಗುರು ಇಟೊಸು ಆಂಕೊ 20ನೇ ಶತಮಾನದ ಆರಂಭದಲ್ಲಿ ಶಾಲಾ ಮಕ್ಕಳಿಗಾಗಿ ಐದು ಕಟಾಗಳನ್ನು ರೂಪಿಸಿದರು. ಅವುಗಳ ಹೆಸರು ಪಿನಾನ್. ಅವರಲ್ಲಿ ಕಲಿತ ಫುನಾಕೊಶಿ ಗಿಚಿನ್ 1922ರಲ್ಲಿ ಟೋಕಿಯೊಗೆ ಹೋಗಿ ಕರಾಟೆ ಕಲಿಸತೊಡಗಿದರು. ಅವರ ಪರಂಪರೆಯೇ ಶೋಟೊಕಾನ್. ಇಟೊಸು ಅವರ ಇನ್ನೊಬ್ಬ ಶಿಷ್ಯ ಮಬುನಿ ಕೆನ್ವಾ ಕಟ್ಟಿದ್ದು ಶಿಟೊ-ರ್ಯು. 'ರ್ಯು' ಎಂದರೆ ಪರಂಪರೆ.

ಫುನಾಕೊಶಿ ಈ ಕಟಾಗಳನ್ನು ಹೇಯಾನ್ ಎಂದು ಕರೆದರು. ಸುಲಭವಾದದ್ದು ಮೊದಲು ಬರಲೆಂದು ಒಂದನೆಯದನ್ನೂ ಎರಡನೆಯದನ್ನೂ ಅದಲುಬದಲು ಮಾಡಿದರು. ಹೀಗಾಗಿ ಶೋಟೊಕಾನಿನ 'ಹೇಯಾನ್ ನಿದಾನ್', ಅಂದರೆ ಎರಡನೆಯದು, ಶಿಟೊ-ರ್ಯುನಲ್ಲಿ 'ಪಿನಾನ್ ಶೋದಾನ್', ಅಂದರೆ ಮೊದಲನೆಯದು. ತರಗತಿ ಬದಲಿಸಿದ ಮಕ್ಕಳು ತಡವರಿಸುವುದು ಹೆಚ್ಚಾಗಿ ಇಲ್ಲೇ.

ಈಗ ಕಾಲುಗಳನ್ನು ಗಮನಿಸಿ. ಈ ಕಟಾದ ಮೊದಲ ಚಲನೆಯಲ್ಲಿ ಎಡಕ್ಕೆ ತಿರುಗಿ ಎರಡೂ ಕೈ ಎತ್ತಿ ತಡೆಯುತ್ತೇವೆ. ಶೋಟೊಕಾನಿನವರು ಆಗ ಉದ್ದವಾದ, ತಗ್ಗಿದ 'ಕೊಕುತ್ಸು-ದಾಚಿ' ನಿಲುವಿನಲ್ಲಿರುತ್ತಾರೆ. ಮೈಭಾರದ ಸುಮಾರು ಶೇ. 70 ಹಿಂಗಾಲಿನ ಮೇಲೆ. ಶಿಟೊ-ರ್ಯುನವರದು 'ನೆಕೊ-ಆಶಿ-ದಾಚಿ', ಬೆಕ್ಕಿನ ಪಾದದ ನಿಲುವು. ಅದರಲ್ಲಿ ಹೆಚ್ಚುಕಡಿಮೆ ಇಡೀ ಭಾರ ಹಿಂಗಾಲಿಗೇ. ಮುಂಗಾಲು ನೆಲಕ್ಕೆ ಹಗುರವಾಗಿ ತಾಗಿರುತ್ತದೆ, ಭಾರ ಬದಲಿಸದೆ ತಕ್ಷಣ ಒದೆಯಲು ಸಿದ್ಧ. ತಗ್ಗಿದ ನಿಲುವು ತೊಡೆಗೆ ಕಸುವು ಕೊಡುತ್ತದೆ, ಗಿಡ್ಡ ನಿಲುವು ಚುರುಕು ಕೊಡುತ್ತದೆ. ಯಾವುದು ಮೂಲಕ್ಕೆ ಹತ್ತಿರ ಎಂದು ಕೇಳಿದರೆ ಗಿಡ್ಡ ನಿಲುವು ಎನ್ನುತ್ತೇನೆ. ಶೋಟೊಕಾನಿನ ನಿಲುವು ಇಷ್ಟು ತಗ್ಗಿದ್ದು ಫುನಾಕೊಶಿಯವರ ಮಗ ಯೋಶಿತಾಕಾ ಅವರ ಕಾಲದಲ್ಲಿ. ಆದರೆ ಮೂಲಕ್ಕೆ ಹತ್ತಿರ ಎಂದ ಮಾತ್ರಕ್ಕೆ ಅದೇ ಮೇಲು ಎಂದಾಗುವುದಿಲ್ಲ.

ಮುಂದೆ ಒಂದು ಒದೆತ ಬರುತ್ತದೆ. ಓಕಿನಾವಾದ ಶೋರಿನ್-ರ್ಯು ಎಂಬ ಇನ್ನೊಂದು ಶೈಲಿಯಲ್ಲಿ ಅದು ಪಾದವನ್ನು ನೇರ ಮುಂದಕ್ಕೆ ಹಾರಿಸುವ 'ಮಾಯೆ-ಗೇರಿ'. ಶೋಟೊಕಾನಿನಲ್ಲಿ ಪಕ್ಕಕ್ಕೆ ಎತ್ತುವ 'ಯೋಕೊ-ಗೇರಿ'. ಸೊಂಟ ಇನ್ನೂ ಸಡಿಲವಾಗದ ಹೊಸಬರಿಗೆ ಎರಡನೆಯದು ಕಷ್ಟ. ಎತ್ತರಕ್ಕೆ ಆಸೆಪಡದೆ, ಮೊದಲು ಮೊಣಕಾಲನ್ನು ಸರಿಯಾಗಿ ಮೇಲಕ್ಕೆತ್ತಲು ಕಲಿಯಿರಿ.

ನೀವು ಸೇರಿದ್ದು ಗೋಜು-ರ್ಯು ತರಗತಿಯಾದರೆ ಸಾಂಪ್ರದಾಯಿಕ ಪಾಠಕ್ರಮದಲ್ಲಿ ಪಿನಾನ್ ಇರುವುದಿಲ್ಲ. ಆ ಪರಂಪರೆ ಇಟೊಸು ಅವರಿಂದ ಬಂದದ್ದಲ್ಲ. ಅಲ್ಲಿ ಹೊಸಬರಿಗಾಗಿ ಆ ಪರಂಪರೆಯ ಗುರು ಮಿಯಾಗಿ ಚೋಜುನ್ 1940ರಲ್ಲಿ ರೂಪಿಸಿದ 'ಗೆಕಿಸಾಯ್' ಕಟಾ ಇದೆ. ನಿಮ್ಮ ಅಭ್ಯಾಸ ಅದರಿಂದ ಶುರುವಾಗುತ್ತದೆ.