ಒಂದು ಕಾಳುಮೆಣಸಿನ ಗೇಣಿ

ವರ್ಜೀನಿಯಾದ ಹ್ಯಾಲಿಫ್ಯಾಕ್ಸ್ ಕೌಂಟಿ ಕೋರ್ಟಿನ ದಾಖಲೆ ಕೋಣೆಯಲ್ಲಿ ಕೂತು 1753ರ ಒಂದು ಪತ್ರ ಓದುತ್ತಿದ್ದೆ. ಇನ್ನೂರು ಎಕರೆ ಜಮೀನು, ಅವಧಿ ಒಂದು ವರ್ಷ, ಕೈಗೆ ಕೊಟ್ಟದ್ದು ಐದು ಶಿಲಿಂಗ್. ಮಾರ್ಚ್ 25ರ ಲೇಡಿ ಡೇ ಹಬ್ಬಕ್ಕೆ ಕೊಡಬೇಕಾದ ಗೇಣಿ ಒಂದು ಕಾಳುಮೆಣಸು, ಅದೂ ಒಡೆಯ ಕೇಳಿದರೆ. ನಾನು ಶಿರಸಿ ಸೀಮೆಯವನು. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ನೆರಳಲ್ಲೇ ಬೆಳೆದವನು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಸೀಮೆ ಅದು. ನಮ್ಮ ಘಟ್ಟದ ಕಾಳು ಅಟ್ಲಾಂಟಿಕ್‌ನ ಆಚೆ ದಡದ ತಂಬಾಕಿನ ನಾಡಲ್ಲಿ ಗೇಣಿಯ ಲೆಕ್ಕಕ್ಕೆ ಬಂದದ್ದು ಕಂಡು ಕಣ್ಣು ತುಂಬಿತು. ನೋಟ್‌ಬುಕ್ಕಿನಲ್ಲಿ 'ಗೇಣಿದಾರ, ಸ್ವಂತ ಜಮೀನಿಲ್ಲ' ಎಂದು ಬರೆದು ಪುಸ್ತಕ ಮುಚ್ಚಿದೆ.

ಬರೆದದ್ದು ತಪ್ಪಾಗಿತ್ತು. ಮಾರನೆಯ ವಾರ ಅದೇ ಪುಸ್ತಕ ತೆಗೆದು ಮುಂದಿನ ಪುಟ ಓದಿದೆ. ಅದೇ ಇಬ್ಬರು, ಅದೇ ಜಮೀನು, ತಾರೀಕು ಮಾತ್ರ ಒಂದು ದಿನ ಮುಂದೆ. ಒಡೆಯ ನಲವತ್ತು ಪೌಂಡ್ ಪಡೆದು ಜಮೀನನ್ನು ವಂಶಪಾರಂಪರ್ಯವಾಗಿ ಬಿಟ್ಟುಕೊಟ್ಟಿದ್ದಾನೆ. ಇಂಗ್ಲಿಷ್ ಕಾನೂನಿನಲ್ಲಿ ಇದಕ್ಕೆ ಲೀಸ್ ಅಂಡ್ ರಿಲೀಸ್ ಎನ್ನುತ್ತಾರೆ. ಮೊದಲ ದಿನ ಹೆಸರಿಗೊಂದು ಗೇಣಿಪತ್ರ ಮಾಡಿ ಸ್ವಾಧೀನ ಕೊಡುವುದು, ಎರಡನೆಯ ದಿನ ಉಳಿದ ಹಕ್ಕನ್ನೆಲ್ಲ ಬಿಟ್ಟುಕೊಡುವುದು. ಎರಡು ಪತ್ರ ಸೇರಿದರೆ ಒಂದು ಕ್ರಯ. ಮೂವತ್ತು ವರ್ಷ ನೋಂದಣಿ ಇಲಾಖೆಯಲ್ಲಿ ಗುಮಾಸ್ತನಾಗಿದ್ದ ನಾನು ಆ ದಿನ ಕಲಿತ ಮೊದಲ ಪಾಠ ಇದು: ಒಂದು ಪತ್ರವನ್ನು ಒಂಟಿಯಾಗಿ ಓದಬಾರದು.

ಈ ಕೆಲಸಕ್ಕೆ ನನ್ನನ್ನು ಹಚ್ಚಿದವರು ಬೀಗಿತ್ತಿ. ಮಗಳ ಮನೆಗೆಂದು ಅಮೆರಿಕಕ್ಕೆ ಹೋದಾಗ ಅವರು ತಮ್ಮ ಮನೆಯ ಹಳೆಯ ಬೈಬಲ್ ತಂದು ತೋರಿಸಿದರು. ನಡುವಿನ ಹಾಳೆಗಳಲ್ಲಿ ಮನೆಯವರ ಹುಟ್ಟು, ಮದುವೆ, ಸಾವು ಬರೆದಿಟ್ಟಿದ್ದರು. ಮೊದಲ ಸಾಲಿನಲ್ಲಿ ಗಂಡನ ಪೂರ್ತಿ ಹೆಸರಿದೆ. ಪಕ್ಕದಲ್ಲಿ 'ಪತ್ನಿ ಮೇರಿ' ಎಂದಷ್ಟೇ ಇದೆ. "ಇವಳು ಯಾರ ಮಗಳು ಅಂತ ನಮ್ಮ ಅಮ್ಮನಿಗೂ ಗೊತ್ತಿರಲಿಲ್ಲ, ಅಜ್ಜಿಗೂ ಗೊತ್ತಿರಲಿಲ್ಲ. ನೀವು ಜಮೀನಿನ ಕಾಗದ ಓದಿದವರು, ನೋಡಿಕೊಡುತ್ತೀರಾ?" ಎಂದರು. ದೊಡ್ಡ ಜಮೀನ್ದಾರರ ಮನೆಯ ಮಗಳಂತೆ ಎಂಬ ಮಾತು ಅವರ ಬಂಧುಗಳಲ್ಲಿ ಓಡಾಡುತ್ತಿತ್ತು. ಆಧಾರ ಮಾತ್ರ ಯಾರ ಬಳಿಯೂ ಇರಲಿಲ್ಲ. ಅವರ ಮನೆತನದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆ ಸೀಮೆಯಲ್ಲೇ ಅವರು ಇನ್ನೂ ಬಾಳುತ್ತಿದ್ದಾರೆ.

ವರ್ಜೀನಿಯಾದಲ್ಲಿ ಹುಟ್ಟು-ಸಾವುಗಳನ್ನು ರಾಜ್ಯದುದ್ದಕ್ಕೂ ದಾಖಲಿಸಲು ಆರಂಭಿಸಿದ್ದು 1853ರಲ್ಲಿ. ಅದಕ್ಕೆ ಹಿಂದಿನ ಚರ್ಚಿನ ಪುಸ್ತಕಗಳಲ್ಲಿ ಉಳಿದವು ಕಡಿಮೆ. ಹಾಗಾಗಿ ಬ್ರಿಟಿಷರ ಕಾಲದ ಒಂದು ಸಂಸಾರವನ್ನು ಹುಡುಕುವವರಿಗೆ ಕೈಗೆ ಸಿಗುವುದು ಹೆಚ್ಚಾಗಿ ಮೂರೇ ಬಗೆಯ ಕಾಗದ: ಉಯಿಲು, ಕ್ರಯಪತ್ರ, ಮದುವೆಯ ಬಾಂಡ್. ಮೂರೂ ಹುಟ್ಟಿದ್ದು ಆಸ್ತಿ ಮತ್ತು ಹಣದ ಸಲುವಾಗಿ. ನಂಟು ಅದರೊಳಗೆ ಪ್ರಾಸಂಗಿಕವಾಗಿ ಬಂದು ಹೋಗುತ್ತದೆ.

ಮೊದಲು ಎಡವಿದ್ದು ಊರಿನ ವಿಷಯದಲ್ಲಿ. ಬೀಗರ ಹಿರಿಯರ ಜಮೀನು ಈಗಿನ ಪಿಟ್ಸಿಲ್ವೇನಿಯಾ ಕೌಂಟಿಯಲ್ಲಿದೆ. ಅದರ ಕಚೇರಿ ಚ್ಯಾಥಮ್ ಪಟ್ಟಣದಲ್ಲಿ. ಅಲ್ಲಿ ಹೋಗಿ ಹುಡುಕಿದರೆ 1767ಕ್ಕೆ ಹಿಂದಿನ ಒಂದು ಕಾಗದವೂ ಇಲ್ಲ. ಯಾಕೆಂದರೆ ಆ ಕೌಂಟಿ ಹುಟ್ಟಿದ್ದೇ 1767ರಲ್ಲಿ, ಹ್ಯಾಲಿಫ್ಯಾಕ್ಸ್‌ನಿಂದ ಒಡೆದು. ಹ್ಯಾಲಿಫ್ಯಾಕ್ಸ್ 1752ರಲ್ಲಿ ಲೂನೆನ್‌ಬರ್ಗ್‌ನಿಂದ ಒಡೆದದ್ದು. ಲೂನೆನ್‌ಬರ್ಗ್ 1746ರಲ್ಲಿ ಬ್ರನ್ಸ್‌ವಿಕ್‌ನಿಂದ. ಮನೆ ಇದ್ದಲ್ಲೇ ಇತ್ತು, ಕಚೇರಿ ಮೂರು ಸಲ ಬದಲಾಯಿತು. ನಮ್ಮ ಉತ್ತರ ಕನ್ನಡವೂ ಮದ್ರಾಸ್ ಪ್ರಾಂತ್ಯದಿಂದ 1862ರಲ್ಲಿ ಮುಂಬಯಿಗೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದು ನೆನಪಾಯಿತು. ಅಲ್ಲಿಂದಾಚೆ ಯಾವ ವರ್ಷದ ಕಾಗದ ಬೇಕಾದರೂ ಆ ವರ್ಷ ಆ ಜಮೀನು ಯಾವ ಕೋರ್ಟಿಗೆ ಸೇರಿತ್ತು ಎಂಬುದನ್ನು ಮೊದಲು ಬರೆದುಕೊಳ್ಳತೊಡಗಿದೆ. ಈ ಕೌಂಟಿಗಳ ಕಾಗದ ಉಳಿದದ್ದು ನಮ್ಮ ಪುಣ್ಯ. ಹ್ಯಾನೋವರ್‌ನಂಥ ಕೌಂಟಿಗಳು ಅಮೆರಿಕದ ಅಂತರ್ಯುದ್ಧದ ಭಯಕ್ಕೆ ತಮ್ಮ ಪುಸ್ತಕಗಳನ್ನು ರಿಚ್ಮಂಡ್‌ಗೆ ಕಳಿಸಿದ್ದವು. 1865ರ ಏಪ್ರಿಲ್‌ನಲ್ಲಿ ಆ ನಗರಕ್ಕೆ ಬೆಂಕಿ ಬಿದ್ದಾಗ ಅವು ಸುಟ್ಟುಹೋದವು.

ಎರಡನೆಯ ತೊಡಕು ವರ್ಷದ್ದು. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಕಾನೂನಿನ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅಂದರೆ 1748ರ ನವೆಂಬರ್ ಮೊದಲು, 1748ರ ಫೆಬ್ರವರಿ ಆಮೇಲೆ. ಜಮೀನು ಮಾರಿದವನ ಹಳೆಯ ಪತ್ರಗಳನ್ನು ನಾನು ಹಿಂದುಮುಂದಾಗಿ ಜೋಡಿಸಿಟ್ಟಿದ್ದೆ, ಕೊಳ್ಳುವ ಮೊದಲೇ ಮಾರಿದಂತೆ ಕಾಣುತ್ತಿತ್ತು. ಯುಗಾದಿಗೆ ಸಂವತ್ಸರ ಬದಲಿಸುವ ನಮಗೆ ಇದು ಅರ್ಥವಾಗದ ಸಂಗತಿಯಲ್ಲ, ಗೊತ್ತಿರಬೇಕು ಅಷ್ಟೇ.

ಇನ್ನು ಮೇರಿಯ ಮಾತು. ಚ್ಯಾಥಮ್‌ನಲ್ಲಿ 1774ರ ಮದುವೆಯ ಬಾಂಡ್ ಸಿಕ್ಕಿತು. ಅಂದಿನ ವರ್ಜೀನಿಯಾದಲ್ಲಿ ಮದುವೆಗೆ ಎರಡು ದಾರಿ. ಚರ್ಚಿನಲ್ಲಿ ಮೂರು ಭಾನುವಾರ ಸಾರಿಸುವುದು, ಇಲ್ಲವೇ ಕೌಂಟಿ ಗುಮಾಸ್ತನಲ್ಲಿ ಲೈಸೆನ್ಸ್ ಪಡೆಯುವುದು. ಲೈಸೆನ್ಸಿಗೆ ಐವತ್ತು ಪೌಂಡಿನ ಬಾಂಡ್ ಬರೆದುಕೊಡಬೇಕು. ಮದುವೆಗೆ ಕಾನೂನಿನ ಅಡ್ಡಿ ಇಲ್ಲ, ಇದ್ದರೆ ಈ ಹಣಕ್ಕೆ ನಾವು ಹೊಣೆ ಎಂದು ವರ ಮತ್ತು ಒಬ್ಬ ಜಾಮೀನುದಾರ ಸಹಿ ಹಾಕುತ್ತಾರೆ. ಬಾಂಡಿನ ತಾರೀಕು ಮದುವೆಯ ತಾರೀಕಲ್ಲ, ಮದುವೆ ನಡೆದೇ ನಡೆಯಿತು ಎಂಬುದಕ್ಕೂ ಅದು ಪುರಾವೆಯಲ್ಲ. ಆದರೆ ಜಾಮೀನು ನಿಂತವನು ಬಹಳ ಸಲ ಹುಡುಗಿಯ ತಂದೆ ಅಥವಾ ಅಣ್ಣ. ಈ ಬಾಂಡಿನಲ್ಲಿ ಮೇರಿಯ ಮನೆತನದ ಹೆಸರು ಸ್ಪಷ್ಟವಾಗಿತ್ತು. ಜಾಮೀನುದಾರನ ಮನೆತನ ಬೇರೆ.

ಆ ಮನೆತನದ ಹೆಸರಿನ ಒಬ್ಬನ ಉಯಿಲು ಅದೇ ಕಚೇರಿಯಲ್ಲಿತ್ತು. 1771ರಲ್ಲಿ ಬರೆದದ್ದು, 1772ರಲ್ಲಿ ಸಾಕ್ಷಿದಾರರು ಪ್ರಮಾಣ ಮಾಡಿ ರುಜುವಾತಾದದ್ದು. ಸಾವು ಆ ಎರಡರ ನಡುವೆ ಎಲ್ಲೋ ಆಗಿದೆ. ಜಮೀನು ಹೆಂಡತಿಗೆ ಬದುಕಿರುವ ತನಕ, ಆಮೇಲೆ ಮೂವರು ಹೆಣ್ಣುಮಕ್ಕಳಿಗೆ ಸಮಪಾಲು ಎಂದಿತ್ತು. ಮೂವರಲ್ಲಿ ಮೇರಿ ಎಂಬ ಹೆಸರಿಲ್ಲ. ಕಿರಿಯವಳು ಪಾಲಿ. ಇವನಲ್ಲ ಎಂದು ಆ ಉಯಿಲನ್ನು ಬದಿಗಿಟ್ಟೆ, ಎರಡು ತಿಂಗಳು ಬೇರೆ ಕೌಂಟಿಗಳಲ್ಲಿ ಅಲೆದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಈ ಮಾತು ಎತ್ತಿದೆ. "ಪಾಲಿ ಅಂದರೆ ಮೇರಿಯೇ ಅಲ್ಲವೇ? ನಮ್ಮ ದೊಡ್ಡಮ್ಮನನ್ನೂ ಹಾಗೇ ಕರೆಯುತ್ತಿದ್ದೆವು" ಎಂದರು ಬೀಗಿತ್ತಿ. ಮಾರ್ಥಾ ಪ್ಯಾಟ್ಸಿಯಾಗುತ್ತಾಳೆ, ಸಾರಾ ಸ್ಯಾಲಿಯಾಗುತ್ತಾಳೆ, ಆನ್ ನ್ಯಾನ್ಸಿಯಾಗುತ್ತಾಳೆ. ನಮ್ಮಲ್ಲಿ ವೆಂಕಟರಮಣ ವೆಂಕಣ್ಣನಾಗುವಂತೆ. ಕಾಗದ ನನ್ನ ಕೈಯಲ್ಲಿತ್ತು, ಕರೆಯುವ ಹೆಸರು ಮನೆಯವರ ಬಾಯಲ್ಲಿತ್ತು. ಮೊದಲೇ ಕೇಳಬೇಕಿತ್ತು.

ಪದಗಳೂ ಹೀಗೆಯೇ ದಾರಿ ತಪ್ಪಿಸುತ್ತವೆ. ಆ ಕಾಲದ ಕಾಗದದಲ್ಲಿ ಆರ್ಫನ್ ಎಂದರೆ ತಂದೆ ಸತ್ತ ಮಗು, ತಾಯಿ ಬದುಕಿದ್ದರೂ ಸರಿ. ಸನ್ ಇನ್ ಲಾ ಎಂದದ್ದು ಅಳಿಯನೂ ಇರಬಹುದು, ಹೆಂಡತಿಯ ಮೊದಲ ಗಂಡನ ಮಗನೂ ಇರಬಹುದು. ಸೀನಿಯರ್, ಜೂನಿಯರ್ ಎಂಬವರು ಅಪ್ಪ-ಮಗ ಆಗಬೇಕಿಲ್ಲ, ಒಂದೇ ಊರಿನ ಒಂದೇ ಹೆಸರಿನ ಹಿರಿಯ-ಕಿರಿಯರೂ ಆದಾರು. ಉಯಿಲಿನಲ್ಲಿ ಒಂದು ಶಿಲಿಂಗ್ ಮಾತ್ರ ಪಡೆದ ಮಗನ ಮೇಲೆ ಅಪ್ಪನಿಗೆ ಸಿಟ್ಟಿತ್ತು ಎನ್ನುವ ಹಾಗಿಲ್ಲ. ಅವನಿಗೆ ಪಾಲು ಮೊದಲೇ ಸಂದಿರಬಹುದು. ಉಯಿಲಿಲ್ಲದೆ ಸತ್ತವನ ಜಮೀನೆಲ್ಲ ಹಿರಿಯ ಮಗನಿಗೇ ಹೋಗುತ್ತಿತ್ತು. 1785ರ ಕಾನೂನು ಬಂದ ಮೇಲಷ್ಟೇ ಅದು ನಿಂತಿತು. ಹಾಗಾಗಿ ಕೊಂಡ ದಾಖಲೆಯೇ ಇಲ್ಲದ ಜಮೀನನ್ನು ಯಾರಾದರೂ ಮಾರಿದರೆ, ಅವನು ಹಿರಿಯ ಮಗನೇ ಎಂದು ನೋಡಬೇಕು.

ಹೆಸರು ಕೂಡಿಬಂತು ಎಂದ ಮಾತ್ರಕ್ಕೆ ಪಾಲಿಯೇ ನಮ್ಮ ಮೇರಿ ಎಂದು ಬರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಜಾಮೀನು ನಿಂತ ಆ ಬೇರೆ ಮನೆತನದವನು ಯಾರು? ಅದಕ್ಕೆ ಉತ್ತರ ಸಿಕ್ಕಿದ್ದು ಚಕ್ಕುಬಂದಿಯಲ್ಲಿ. ನಮ್ಮ ಪತ್ರಗಳಲ್ಲಿ ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಹಳ್ಳ ಎಂದು ಬರೆಯುವಂತೆ ಅಲ್ಲಿಯೂ ಬರೆಯುತ್ತಿದ್ದರು. ಬಿಳಿ ಓಕ್ ಮರದಿಂದ ಶುರು, ಇಂಥವನ ಗಡಿಯ ಗುಂಟ ಉತ್ತರಕ್ಕೆ ಇಷ್ಟು ಡಿಗ್ರಿ ವಾಲಿ ನೂರಿಪ್ಪತ್ತು ಪೋಲ್, ಅಲ್ಲಿಂದ ಹಳ್ಳದ ದಂಡೆಯ ಒಂದು ಮರಕ್ಕೆ, ಹೀಗೆ ಸುತ್ತಿ ಮತ್ತೆ ಮೊದಲ ಮರಕ್ಕೆ. ಒಂದು ಪೋಲ್ ಎಂದರೆ ಹದಿನಾರೂವರೆ ಅಡಿ. ನಾಲ್ಕು ವರ್ಷಕ್ಕೊಮ್ಮೆ ಅಕ್ಕಪಕ್ಕದವರು ಸೇರಿ ಈ ಗಡಿಯನ್ನು ನಡೆದು ಮರಗಳ ಗುರುತು ಹೊಸದು ಮಾಡಬೇಕೆಂಬ ಕಾನೂನೂ ಇತ್ತು. ಗ್ರಾಫ್ ಹಾಳೆಯ ಮೇಲೆ ಅಳತೆಗೆ ತಕ್ಕಂತೆ ಗೆರೆ ಎಳೆದು ಹಿಸ್ಸೆಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದೆ. ಉತ್ತರದ ಗಡಿಯಲ್ಲಿ ಬಂದು ಕೂತ ಹಿಸ್ಸೆ ಆ ಜಾಮೀನುದಾರನದು. ಅವನು ಪಕ್ಕದ ಜಮೀನಿನವನು. 1773ರ ಕೋರ್ಟ್ ಪುಸ್ತಕ ತೆರೆದರೆ ಮುಂದಿನದು ತಾನಾಗಿ ತಿಳಿಯಿತು. ವಿಧವೆ ಅವನನ್ನೇ ಮದುವೆಯಾಗಿದ್ದಳು, ಕಿರಿಯ ಮಗಳಿಗೆ ಅವನೇ ಪೋಷಕ. ಮಲತಂದೆ ಮಗಳ ಮದುವೆಗೆ ಜಾಮೀನು ನಿಂತಿದ್ದ.

ಕೊನೆಯ ಕೊಂಡಿ 1786ರ ಒಂದು ಕ್ರಯಪತ್ರ. ನಮ್ಮ ಕಚೇರಿಯಂತೆ ಅಲ್ಲಿಯೂ ಬರೆದುಕೊಟ್ಟವರ ಸೂಚಿ ಒಂದು, ಬರೆಸಿಕೊಂಡವರ ಸೂಚಿ ಒಂದು. ಎರಡರಲ್ಲೂ ಮೇರಿಯ ಗಂಡನ ಹೆಸರು ಇರಲಿಲ್ಲ. ಪತ್ರ ದಾಖಲಾದದ್ದು ಹಿರಿಯ ಅಕ್ಕನ ಗಂಡನ ಹೆಸರಿನಲ್ಲಿ, 'ಮತ್ತು ಇತರರು' ಎಂದು. ಆ ಇತರರೊಳಗೆ ಮೇರಿ ಕೂತಿದ್ದಳು. ತಾಯಿ ತೀರಿದ ಮೇಲೆ ಮೂವರು ಅಕ್ಕತಂಗಿಯರೂ ಗಂಡಂದಿರೂ ಸೇರಿ ಜಮೀನು ಮಾರಿದ್ದರು. ಮೇರಿ ಆ ಉಯಿಲು ಬರೆದವನ ಮಗಳು ಎಂದು ಪತ್ರ ನೇರವಾಗಿ ಹೇಳುತ್ತಿತ್ತು. ಕೆಳಗೆ ಇನ್ನೊಂದು ಬರಹ: ಇಬ್ಬರು ಅಧಿಕಾರಿಗಳು ಮೇರಿಯನ್ನು ಗಂಡನಿಂದ ಬೇರೆ ಕೂರಿಸಿ, ಈ ಮಾರಾಟಕ್ಕೆ ನಿನ್ನ ಸ್ವಂತ ಒಪ್ಪಿಗೆ ಇದೆಯೇ ಎಂದು ಕೇಳಿದ್ದರು. ಇದೆ ಎಂದು ಅವಳು ಹೇಳಿದ್ದಳು. ಇಡೀ ಹುಡುಕಾಟದಲ್ಲಿ ಅವಳ ಬಾಯಿಂದ ಬಂದ ಮಾತು ಅದೊಂದೇ. ಅವಳು ದೊಡ್ಡ ಜಮೀನ್ದಾರರ ಮಗಳಾಗಿರಲಿಲ್ಲ. ಇನ್ನೂರು ಎಕರೆಯ ರೈತನ ಮಗಳು. ಕಾಳುಮೆಣಸಿನ ಪತ್ರ ಬರೆಸಿಕೊಂಡವನು ಅವಳ ತಂದೆಯೇ.

ಅಷ್ಟಕ್ಕೆ ಮುಗಿಸಿದ್ದರೆ ಕೆಲಸ ಅರ್ಧವಾಗುತ್ತಿತ್ತು. ಉಯಿಲಿನ ಹಿಂದೆ ಆಸ್ತಿಯ ಪಟ್ಟಿಯೊಂದಿತ್ತು, ನೆರೆಯ ಮೂವರು ಬಂದು ಬೆಲೆ ಕಟ್ಟಿದ್ದು. ಗರಿಯ ಹಾಸಿಗೆ, ಕಂದು ಕುದುರೆ, ಕಬ್ಬಿಣದ ಮಡಕೆ. ಕುದುರೆಗೂ ಮಡಕೆಗೂ ನಡುವಿನ ಸಾಲಿನಲ್ಲಿ ಒಬ್ಬ ಹೆಂಗಸು ಮತ್ತು ಅವಳ ಮಗು, ಎದುರಿಗೆ ಪೌಂಡಿನ ಲೆಕ್ಕ. ಅವಳಿಗೆ ಒಂದೇ ಹೆಸರು, ಮನೆತನದ ಹೆಸರಿಲ್ಲ. ಉಯಿಲಿನಲ್ಲಿ ಅವಳನ್ನೂ 'ಮುಂದೆ ಅವಳಿಗೆ ಹುಟ್ಟುವ ಸಂತತಿಯನ್ನೂ' ಹಿರಿಯ ಮಗಳಿಗೆ ಕೊಟ್ಟಿತ್ತು. ಗುಲಾಮ ತಾಯಿಯ ಮಗು ಗುಲಾಮನೇ ಎಂದು ವರ್ಜೀನಿಯಾ 1662ರಲ್ಲೇ ಕಾನೂನು ಮಾಡಿತ್ತು. ಮೊದಲ ಓದಿನಲ್ಲಿ ನಾನು ಈ ಸಾಲನ್ನು ದಾಟಿ ಹೋಗಿದ್ದೆ, ಹುಡುಕುತ್ತಿದ್ದ ಹೆಸರು ಅದಲ್ಲವೆಂದು. ಎರಡನೆಯ ಸಲ ದಾಟಲಾಗಲಿಲ್ಲ. ಇಂಥ ಗುಲಾಮರ ಸಂತತಿಯಲ್ಲಿ ಬಹಳ ಮಂದಿಯ ಹೆಸರು ಅಮೆರಿಕದ ಜನಗಣತಿಯಲ್ಲಿ ಮೊದಲು ಬಂದದ್ದು 1870ರಲ್ಲಿ. ಅದಕ್ಕೆ ಹಿಂದೆ ತಮ್ಮವರನ್ನು ಹುಡುಕಬೇಕಾದರೆ ಅವರು ಒಡೆಯರ ಉಯಿಲು, ಪಟ್ಟಿ, ಕ್ರಯಪತ್ರಗಳನ್ನೇ ತಡಕಬೇಕು. ಆ ಕಾಗದಗಳ ಕೀಲಿ ಒಡೆಯರ ಮನೆತನದ ಹೆಸರು. ರಿಚ್ಮಂಡ್‌ನ ಲೈಬ್ರರಿ ಆಫ್ ವರ್ಜೀನಿಯಾ ಇಂಥ ಕಾಗದಗಳನ್ನು 'ವರ್ಜೀನಿಯಾ ಅನ್‌ಟೋಲ್ಡ್' ಎಂಬ ಹೆಸರಿನಲ್ಲಿ ಒಟ್ಟುಗೂಡಿಸಿ ಎಲ್ಲರಿಗೂ ತೆರೆದಿಟ್ಟಿದೆ.

ಪಟ್ಟಿಯನ್ನು ಬೀಗಿತ್ತಿಯ ಮುಂದಿಟ್ಟೆ. ಬಹಳ ಹೊತ್ತು ನೋಡಿದರು. "ಇವಳ ಹೆಸರನ್ನೂ ಬರೆಯಿರಿ. ಮಗುವಿನದೂ. ಪುಟದ ಸಂಖ್ಯೆ ಹಾಕಿ ಬರೆಯಿರಿ" ಎಂದರು. ಹಿರಿಯ ಅಕ್ಕನ ಕಾಗದಗಳನ್ನು ಅಲ್ಲಿಂದ ಮುಂದೆ ಹಿಂಬಾಲಿಸಿದೆವು. 1790ರ ದಶಕದ ಒಂದು ಪತ್ರದ ತನಕ ತಾಯಿ ಮಗು ಒಟ್ಟಿಗೇ ಇದ್ದದ್ದು ಕಾಣುತ್ತದೆ. ಬೀಗರ ವಂಶಾವಳಿಯ ಕಡತದಲ್ಲಿ ಈಗ ಮೇರಿಯ ತಂದೆಯ ಪುಟದಲ್ಲೇ ಅವರಿಬ್ಬರ ಹೆಸರೂ ಇವೆ.

ಓದುಗರಲ್ಲಿ ನನ್ನ ಬಿನ್ನಹ ಇಷ್ಟು. ನಿಮ್ಮ ಮನೆಯ ಹಳೆಯ ಪತ್ರಗಳನ್ನಾಗಲಿ, ಬೀಗರ ಮನೆಯದ್ದನ್ನಾಗಲಿ ಓದಲು ಕೂತರೆ ಕಾಗದ ಹೇಳದ ನಂಟನ್ನು ನೀವಾಗಿ ಸೇರಿಸಬೇಡಿ, ಅದು ಎಷ್ಟೇ ದೊಡ್ಡ ಮನೆತನದ್ದಾದರೂ. ಕಾಗದ ಹೇಳಿದ ಒಂದು ಹೆಸರನ್ನೂ ಬಿಡಬೇಡಿ, ಅದು ಎಷ್ಟೇ ಚಿಕ್ಕ ಸಾಲಿನಲ್ಲಿದ್ದರೂ. ಆ ಹೆಸರನ್ನು ಹುಡುಕುತ್ತ ಇನ್ನಾರೋ ಬರುತ್ತಿರಬಹುದು.