ಹನ್ನೆರಡು ಪಾಯಿಂಟ್ ಆರಾಗುವುದು ಎಲ್ಲಿ?

ಇಚಲಕರಂಜಿಯ ಮರಾಠಿ-ಕನ್ನಡ ಪವರ್‌ಲೂಮ್ ಕೈಪಿಡಿಯ ಪಿಡಿಎಫ್‌ನಲ್ಲಿ ಪಠ್ಯ ಸರಿಯಿದ್ದು, ಡ್ರಾಯಿಂಗಿನೊಳಗಿನ ಅಕ್ಷರ ಮಾತ್ರ ಇರುವೆಯಷ್ಟಾಗಿದೆ ಎಂದು ಬರೆದಿದ್ದೀರಿ. ತಪ್ಪು ಫಾಂಟಿನದಲ್ಲ, ಅಳತೆಯದು. 25 ಸೆಂ.ಮೀ. ಅಗಲಕ್ಕೆ ಬರೆದ ಡ್ರಾಯಿಂಗನ್ನು 12.5ಕ್ಕೆ ಕುಗ್ಗಿಸಿ ಕೂರಿಸಿದರೆ ಅದರೊಳಗಿನ 12 ಪಾಯಿಂಟ್ 6 ಆಗಲೇಬೇಕು. ಪಕ್ಕದ ಸಾಲು ಮಾತ್ರ 12ರಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲೇ ಅಚ್ಚಿನ ಅಗಲಕ್ಕೆ ಬರೆದು, ಕುಗ್ಗಿಸದೆ ಸೇರಿಸಿ. ‘ಅಳತೆ ಮುಟ್ಟಿಲ್ಲ, ಆದರೂ ಮರಾಠಿಯ ಪಕ್ಕ ಕನ್ನಡ ಸಣ್ಣದಾಗಿ ಕಾಣುತ್ತದಲ್ಲ’ ಎನ್ನಬಹುದು. ಅದು ಬೇರೆಯೇ ತಕರಾರು. ಪಾಯಿಂಟ್ ಅಳೆಯುವುದು ಅಕ್ಷರವನ್ನಲ್ಲ, ಅದರ ಚೌಕಟ್ಟನ್ನು. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟ ತುಂಗಾದಂಥ ಫಾಂಟಿನಲ್ಲಿ ಮೂಲಾಕ್ಷರ ಕುಗ್ಗಿರುತ್ತದೆ. ಅಲ್ಲಿ ಸಂಖ್ಯೆಯನ್ನು ನಂಬಬೇಡಿ. ಒಂದು ಪುಟ ಮುದ್ರಿಸಿ, ಎರಡೂ ಲಿಪಿಯ ‘ಕ’ವನ್ನು ಸ್ಕೇಲಿಟ್ಟು ಅಳೆದು, ಕನ್ನಡವನ್ನು ಬೇಕಾದಷ್ಟು ಏರಿಸಿ. ಅಚ್ಚು ಕೊಲ್ಲಾಪುರದಲ್ಲಾಗಲಿ ಗಡಹಿಂಗ್ಲಜದಲ್ಲಾಗಲಿ, ಪ್ರೆಸ್ಸಿನವರಿಗೂ ಹೇಳಿಡಿ: ಪ್ರಿಂಟ್ ಕೊಡುವಾಗ ‘ಫಿಟ್’ ಬೇಡ, ‘ಆಕ್ಚುಯಲ್ ಸೈಜ್’ ಇರಲಿ.